ಶಿಕಂ

ಬೇಸಿಗೆ, ಹನ್ನೊಂದು ಗಂಟೆ. ಗುರಮಿಟಕಲ್ ದಾರಿಯ ಎಡಕ್ಕೆ
ಕೆರೆ ಎಂಬುದು ಇರಲಿಲ್ಲ.
ಇದ್ದದ್ದು ಬಾಯಿಬಿಟ್ಟ ಎರೆ ಮಣ್ಣು, ಜಾಲಿ ಕಂಟಿ,
ಸುಣ್ಣದ ಗೆರೆ ಎಳೆದ ಅರವತ್ತೆರಡು ಸೈಟು,
ಬಣ್ಣದ ಪರಪರಿ ಕಟ್ಟಿದ ಕಮಾನು.

‘ನೀರು ಎಲ್ಲದ ಮೇಡಂ, ತೋರ್ಸ್ರಿ,’ ಅಂದರು ಲೇಔಟಿನವರು
ಮಜ್ಜಿಗೆ ಪಾಕೀಟು ನನ್ನ ಕೈಗಿಡುತ್ತ.
‘ನೀರಿದ್ರ ಕೆರಿ. ಕೆರಿ ಇದ್ರ ದಂಡಿ.
ದಂಡಿ ಇದ್ರ ನಿಮ್ಮ ಮೂವತ್ತು ಮೀಟರು.’

ಮೋಜಣಿ ಸರಪಳಿಯಂಥ ಮಾತು.
ಮೊದಲ ಕೊಂಡಿಯೇ ಸುಳ್ಳು.

ಹಿಂದಿನ ದಿನ ಜುಲೇಖಾಬಿ ಟೀಚರ ಮನೆಗೆ ಹೋಗಿದ್ದೆ.
ನಿಜಾಮರ ಕಾಲದ ಟಿಪ್ಪಣಿ, ಮಡಿಕೆ ಮಡಿಕೆಗೂ ತೂತು,
ಬಲದಿಂದ ಎಡಕ್ಕೆ ಓಡುವ, ನನಗೆ ಬಾರದ ಉರ್ದು.
ಅವರಿಗೆ ರೋಜಾ. ನನಗೊಬ್ಬಳಿಗೇ ಚಹಾ.
ಭೂತಗನ್ನಡಿಯ ಕೆಳಗೆ ಅವರ ಬೆರಳು ನಿಧಾನ ಸರಿಯಿತು:
‘ಇದು ತಾಲಾಬ್. ಇದು ಕಟ್ಟಾ. ಇದು... ಶಿಕಂ.’
‘ಶಿಕಂ ಅಂದ್ರ?’
‘ಹೊಟ್ಟಿ, ಬೇಟಿ. ಕೆರಿ ಹೊಟ್ಟಿ.
ನೀರು ಬಂದಾಗ ಉಬ್ಬತದ, ಹೋದಾಗ ಬೆನ್ನಿಗೆ ಹತ್ತತದ.
ಉಪಾಸ ಇದ್ದವರಿಗಿ ಹೊಟ್ಟಿನೇ ಇಲ್ಲಂತ
ಯಾರರ ಅಂತಾರೇನು?’

ಹೊಸ ನಕ್ಷೆಯಲ್ಲಿ ಹೊಟ್ಟೆ ಇರಲಿಲ್ಲ.
ಒಂದು ಮೂಲೆಗೆ ಹಸಿರು ಬಳಿದು ಉದ್ಯಾನ ಅಂತ ಬರೆದಿದ್ದರು.

ದಂಡೆ ಹುಡುಕುತ್ತ ನಡೆದೆ.
ತೂಬಿನ ಕಲ್ಲಿಗೆ ಬಿಳಿ ಗೆರೆ, ನನ್ನ ಭುಜದೆತ್ತರ.
ಲೆವೆಲ್ಲಿನ ಹಳೇ ಕಣ್ಣಿನಲ್ಲಿ ತಲೆಕೆಳಗಾದ ಸಾಬಣ್ಣ
ಅಳತೆಪಟ್ಟಿ ಹಿಡಿದು ಆಕಾಶಕ್ಕೆ ಜೋತುಬಿದ್ದಿದ್ದ.
ಹಿಂದೆ ಸರಿ. ಇನ್ನೂ ಸರಿ. ನಿಲ್ಲು.
ನಿಂತಲ್ಲಿ, ಅವನ ಹರಿದ ಚಪ್ಪಲಿಯ ಮಗ್ಗುಲಲ್ಲಿ,
ಬಸವನಹುಳದ ಚಿಪ್ಪು, ಯಾರೋ ಕೂತು ಪೋಣಿಸಿದ ಹಾಗೆ
ಬಾಗಿ ಬಾಗಿ ಹೋಗಿತ್ತು ಕಣ್ಣು ಮುಟ್ಟುವತನಕ.
ಮಳೆಗಾಲ ತನ್ನ ಬಾಂದು
ತಾನೇ ಹಾಕಿ ಹೋಗಿತ್ತು.

ಅಲ್ಲಿಂದ ಮೂವತ್ತು. ಸೊನ್ನೆ ನನ್ನ ಕೈಯಲ್ಲಿ, ತುದಿ ಅವನ ಕೈಯಲ್ಲಿ.
ಹದಿನೆಂಟು ವರ್ಷ ಒಂದು ಬೆರಳು ತಪ್ಪದ ಕೈ
ಇವತ್ತು ಸಡಿಲ. ಟೇಪಿನ ನಡು ನೆಲಕ್ಕೆ ಬಿದ್ದಿದೆ.
‘ಬಿಗಿ ಹಿಡಿ, ಸಾಬಣ್ಣ.’
ಹಿಡಿಯಲಿಲ್ಲ.
‘ಬಿಗಿ.’
‘ನಲವತ್ತಾರನೇ ಸೈಟು ನಂದ್ರಿ ಮೇಡಂ.
ಮುಂಗಡ ಕೊಟ್ಟೀನಿ. ಆಕಿ ಬೋರಮಾಳ ಸರ ಮಾರಿ.’

ನಿಯಮದ ಪುಸ್ತಕ ನನ್ನ ಚೀಲದಲ್ಲೇ ಇತ್ತು.
ಬೋರಮಾಳಕ್ಕೆ ಅದರಲ್ಲಿ ಕಲಮು ಇಲ್ಲ.
ಕಮಾನಿನ ನೆರಳಲ್ಲಿ ಲೇಔಟಿನವರು
ಯಾರೊಡನೆಯೋ ಫೋನಿನಲ್ಲಿ ನಗುತ್ತಿದ್ದರು,
ಆ ‘ಸಾಹೇಬ್ರ’ ಅನ್ನುವ ನಗೆ ನನಗೆ ಗೊತ್ತು.
ಟಿಟ್ಟಿಭವೊಂದು ಬೈಯುತ್ತ ನಮ್ಮ ತಲೆ ಸುತ್ತಿತು:
ಮೂವತ್ತೊಂದನೇ ಸೈಟಿನ ಗರಸಿನಲ್ಲಿ
ಗರಸಿನದೇ ಬಣ್ಣದ ನಾಲ್ಕು ಮೊಟ್ಟೆ.
ಅದು ಮುಂಗಡ ಕೊಟ್ಟಿರಲಿಲ್ಲ.

ಎಷ್ಟು ಹೊತ್ತೋ. ನಾನು ಸೊನ್ನೆ ಬಿಡಲಿಲ್ಲ, ಅಷ್ಟೇ.
ಆಮೇಲೆ ಟೇಪು ನೆಲ ಬಿಟ್ಟು ಎದ್ದಿತು,
ಗಾಳಿಗೆ ಝುಂಯ್ ಅಂದಿತು.
ಹಾರೆ ಅವನೇ ಎತ್ತಿದ. ಗುಂಡಿ ಅವನೇ ತೋಡಿದ.
ಕಲ್ಲು ನಿಲ್ಲಿಸಿ, ಸುತ್ತ ಮಣ್ಣು ತುಳಿದು ಗಟ್ಟಿ ಮಾಡಿ,
‘ದೇವರ ಮನಿ ಇಲ್ಲೇ ಬರ್ತಿತ್ರಿ,’ ಅಂದ.

ವರದಿ ಬರೆದೆ: ನಲವತ್ತೊಂದು ಸೈಟು ಕೆರೆಯ ಎಲ್ಲೆಯೊಳಗೆ.
ಕೊಂಡವರ ಹಣ ವಾಪಸಾಗಬೇಕು ಎಂದು
ಯಾರೂ ಕೇಳದ ಒಂದು ಸಾಲನ್ನೂ ಬರೆದೆ.
ಅದನ್ನು ಮೇಲಿನವರು ಕೆಂಪು ಶಾಯಿಯಲ್ಲಿ ಹೊಡೆದರು.
ಉಳಿದದ್ದಕ್ಕೆ ಸಹಿ ಬಿತ್ತು. ಹೇಗೆ ಬಿತ್ತೋ, ಬಿತ್ತು.

ಕಲ್ಲನ್ನು ರಾತ್ರಿ ಕಿತ್ತರು. ಹಾಕಿದೆವು.
ಮತ್ತೆ ಕಿತ್ತು ಜಾಲಿಯೊಳಗೆ ಎಸೆದರು. ಹುಡುಕಿ ಹಾಕಿದೆವು.
ಸಾಬಣ್ಣ ಈಗ ಹಾರೆಯನ್ನು ಕಚೇರಿಯಲ್ಲಿಡದೆ
ಮನೆಗೇ ಒಯ್ಯುತ್ತಾನೆ.
‘ಆಕಿ ಏನೂ ಕೇಳಲ್ಲೇನೋ?’ ಅಂದೆ.
‘ಕೇಳ್ತಾಳ್ರಿ,’ ಅಂದ.